ಜಿಂಕ್ ಆಕ್ಸೈಡ್ ಕಡ್ಡಿಗಳೋ, ಟೈಟಾನಿಯಂ ಡೈಆಕ್ಸೈಡ್ ಪದರವೋ?

ಕಾಲೇಜಿನ ಪ್ರಯೋಗಾಲಯದಲ್ಲಿ ಕಡಿಮೆ ಖರ್ಚಿನ ನೇರಳಾತೀತ ಸಂವೇದಕ ಮಾಡಲು ಇವೆರಡರಲ್ಲಿ ಯಾವುದು ಸೂಕ್ತ ಎಂಬುದನ್ನು ಮೊದಲು ನಿರ್ಧರಿಸುವುದು ನಿಮ್ಮಲ್ಲಿರುವ ಕುಲುಮೆ. ಜಿಂಕ್ ನೈಟ್ರೇಟ್ ಮತ್ತು ಹೆಕ್ಸಮೀನ್ ಕರಗಿಸಿದ ನೀರನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟರೆ, ಬೀಜಪದರ (ಕಡ್ಡಿಗಳು ಮೊಳೆಯಲು ನೆಲೆಯಾಗುವ ತೆಳು ಲೇಪ) ಲೇಪಿಸಿದ ಗಾಜಿನ ಮೇಲೆ ಜಿಂಕ್ ಆಕ್ಸೈಡ್ ನ್ಯಾನೊಕಡ್ಡಿಗಳು ಬೆಳೆಯುತ್ತವೆ. ಲೇಪಿತ ಮುಖ ಕೆಳಗಿರಬೇಕು, ಇಲ್ಲವಾದರೆ ದ್ರಾವಣದಲ್ಲಿ ಹುಟ್ಟುವ ಬಿಳಿ ಗಸಿ ಅದರ ಮೇಲೆಯೇ ಕೂರುತ್ತದೆ. ಟೈಟಾನಿಯಂ ಡೈಆಕ್ಸೈಡ್ ಪೇಸ್ಟ್ ಬಳಿಯುವುದು ಇನ್ನೂ ಸುಲಭವಾದರೂ, ಅದನ್ನು ಸಾಮಾನ್ಯವಾಗಿ 450 ಡಿಗ್ರಿಯ ಆಸುಪಾಸಿನಲ್ಲಿ ಸುಡಬೇಕಾದ್ದರಿಂದ ಪ್ಲಾಸ್ಟಿಕ್ ಹಾಳೆಗೆ ಒಗ್ಗದು.

ಬೆಳಕಿನ ಆಯ್ಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ: ಎರಡೂ ಸುಮಾರು 390 ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳಿಗೆ ಸ್ಪಂದಿಸುತ್ತವೆ.

ವೇಗದಲ್ಲಿ ಎರಡಕ್ಕೂ ತೊಡಕಿದೆ. ಕತ್ತಲಲ್ಲಿ ಜಿಂಕ್ ಆಕ್ಸೈಡ್ ಕಡ್ಡಿಗಳ ಮೈಗೆ ಅಂಟಿದ ಆಮ್ಲಜನಕ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ನೇರಳಾತೀತ ಕಿರಣ ಬಿದ್ದಾಗ ಆ ಆಮ್ಲಜನಕ ಕಳಚಿಕೊಂಡು ವಿದ್ಯುತ್ಪ್ರವಾಹ ಬಹುವಾಗಿ ಏರುತ್ತದೆ. ಬೆಳಕು ಆರಿದ ಮೇಲೆ ಆಮ್ಲಜನಕ ನಿಧಾನವಾಗಿ ಮರಳುವುದರಿಂದ ಪ್ರವಾಹ ಇಳಿಯಲು ಕೆಲವೊಮ್ಮೆ ನಿಮಿಷಗಳೇ ಬೇಕು, ತೇವಾಂಶವೂ ಅಳತೆಯನ್ನು ಅಲುಗಾಡಿಸುತ್ತದೆ. ಟೈಟಾನಿಯಂ ಪದರಕ್ಕೂ ಈ ಕಾಯಿಲೆ ತಪ್ಪಿದ್ದಲ್ಲ.

ಬಾಳಿಕೆಯಲ್ಲಿ ಮಾತ್ರ ಟೈಟಾನಿಯಂ ಮುಂದು, ಏಕೆಂದರೆ ಜಿಂಕ್ ಆಕ್ಸೈಡ್ ಆಮ್ಲದಲ್ಲಿಯೂ ಪ್ರಬಲ ಕ್ಷಾರದಲ್ಲಿಯೂ ಕರಗುತ್ತದೆ. ಕುಲುಮೆಯಿಲ್ಲದೆ, ಬಾಗುವ ಹಾಳೆಯ ಮೇಲೆ, ಒಳಾಂಗಣದ ಪ್ರಾತ್ಯಕ್ಷಿಕೆಗೆ ಕಡ್ಡಿಗಳೇ ಸಾಕು. ರಾಸಾಯನಿಕ ದ್ರವದ ಸಂಪರ್ಕವಿರುವ ಕಡೆ ಟೈಟಾನಿಯಂ ಲೇಸು. ಯಾವುದನ್ನೇ ಆರಿಸಿದರೂ ಸಾಮಾನ್ಯ ಕಿಟಕಿ ಗಾಜನ್ನು ಮುಚ್ಚಳವಾಗಿಸಬೇಡಿ, ಅದು ಯುವಿ-ಬಿ (ನೇರಳಾತೀತದಲ್ಲಿ ಕಿರಿದಾದ ಅಲೆಗಳ ಒಂದು ಭಾಗ) ಕಿರಣಗಳನ್ನು ಬಹುಪಾಲು ತಡೆದುಬಿಡುತ್ತದೆ.