ರ‍್ಯಾಮ್ 3500 ಡ್ಯುಯಲಿಗೆ ಹೊಸ ಟೈರ್: ಯಾವ ಅಳತೆ ಒಗ್ಗುತ್ತೆ, ಯಾವುದು ಕೈಕೊಡುತ್ತೆ

ರ‍್ಯಾಮ್ 3500 ಅಮೆರಿಕದ ಭಾರೀ ಪಿಕಪ್ ಗಾಡಿ, ಡ್ಯುಯಲಿ ಅಂದರೆ ಅದರಲ್ಲಿ ಹಿಂದೆ ಒಂದೊಂದು ಬದಿಗೂ ಎರಡೆರಡು ಟೈರ್ ಜೋಡಿಯಾಗಿರುವ ಮಾದರಿ. 17 ಇಂಚಿನ ರಿಮ್ ಇರುವ ರ‍್ಯಾಮ್ 3500 ಡ್ಯುಯಲಿಗೆ ಕಂಪನಿ ಹಾಕಿ ಕೊಡುವುದು ಎಲ್‌ಟಿ 235/80 ಆರ್17, ಲೋಡ್ ರೇಂಜ್ ಇ. ಎಲ್‌ಟಿ ಅಂದರೆ ಲಘು ಟ್ರಕ್ಕಿನ ಟೈರ್, 235 ಅದರ ಅಗಲ ಮಿಲಿಮೀಟರಿನಲ್ಲಿ, 80 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ ಎಂಬತ್ತು, 17 ರಿಮ್ಮಿನ ಇಂಚು. ಲೋಡ್ ರೇಂಜ್ ಟೈರಿನ ಗಟ್ಟಿತನದ ದರ್ಜೆ, ಅಕ್ಷರ ಮುಂದೆ ಹೋದಷ್ಟೂ ಗಟ್ಟಿ. ಅಷ್ಟು ದೊಡ್ಡ ಗಾಡಿಗೆ ಟೈರ್ ಸಣಕಲಾಗಿ ಕಾಣುತ್ತೆ ನಿಜ. ಅದಕ್ಕೇ ಟೈರ್ ಸವೆದ ಕೂಡಲೇ ಅಮೆರಿಕದಲ್ಲಿ ಬಹಳ ಮಂದಿ ಅಗಲದ ಅಳತೆ ಹುಡುಕಲು ಶುರು ಮಾಡುತ್ತಾರೆ. ನಮ್ಮ ಮಟ್ಟಿಗೆ ಹತ್ತರಲ್ಲಿ ಒಂಬತ್ತು ಗಾಡಿಗೆ ಆ ಹುಡುಕಾಟವೇ ಬೇಡ.

ಮೂಲ ಅಳತೆಯ ಲೋಡ್ ಇಂಡೆಕ್ಸ್, ಅಂದರೆ ಟೈರ್ ಹೊರುವ ಭಾರದ ಸಂಕೇತ, 120/117. ಒಂಟಿಯಾಗಿ ಓಡುವಾಗ ಒಂದು ಟೈರ್ 1400 ಕಿಲೋ ಹೊರುತ್ತೆ, ಜೋಡಿಯಲ್ಲಿ 1285. ಹಿಂದಿನ ನಾಲ್ಕೂ ಸೇರಿ 5140 ಕಿಲೋ ಆಯಿತು, ಅಲ್ಲಿ ಚಿಂತೆಯಿಲ್ಲ. ಬಿಗಿ ಇರುವುದು ಮುಂದೆ. ಕಮಿನ್ಸ್ ಡೀಸೆಲ್ ಎಂಜಿನ್ ಒಂದೇ ಐನೂರು ಕಿಲೋ ಆಸುಪಾಸು ತೂಗುತ್ತೆ, ಮುಂದಿನ ಆಕ್ಸಲ್‌ನ ಮಿತಿ ಸುಮಾರು 6000 ಪೌಂಡ್, ಅಂದರೆ 2720 ಕಿಲೋ. ಎರಡು ಟೈರ್ ಹೊರುವುದು 2800. ಉಳಿದದ್ದು ಬರೀ 80 ಕಿಲೋ. ಎಲ್ಲರೂ ಹಿಂದಿನ ಜೋಡಿ ನೋಡಿ ಟೈರ್ ಆರಿಸುತ್ತಾರೆ, ಆದರೆ ತೂಕದ ಲೆಕ್ಕಕ್ಕೆ ಮೊದಲು ಸಿಕ್ಕಿಬೀಳುವುದು ಮುಂದಿನ ಟೈರೇ. ನಿಮ್ಮ ಗಾಡಿಯ ಖಚಿತ ಅಂಕಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲಿದೆ.

ಜೀಪ್‌ನವರ ಅಚ್ಚುಮೆಚ್ಚಿನ ಎಲ್‌ಟಿ 255/75 ಆರ್17 ಮುಗ್ಗರಿಸುವುದು ಇಲ್ಲೇ. ಹೊರ ವ್ಯಾಸದಲ್ಲಿ ಮೂಲಕ್ಕಿಂತ ಆರೇಳು ಮಿಲಿಮೀಟರ್ ಮಾತ್ರ ಹೆಚ್ಚು, ಕೂರಿಸಿದರೆ ಕೂರುತ್ತೆ. ಆದರೆ ಸಾಮಾನ್ಯವಾಗಿ ಸಿಗುವುದು ಲೋಡ್ ರೇಂಜ್ ಸಿ, ಇಂಡೆಕ್ಸ್ 111/108. ಮುಂದೆ 1090 ಕಿಲೋ ಹೊರುವ ಟೈರ್ ಹಾಕಿ ಡೀಸೆಲ್ ಡ್ಯುಯಲಿ ಓಡಿಸುವ ಮಾತೇ ಇಲ್ಲ.

ಎಲ್‌ಟಿ 245/75 ಆರ್17 ಸ್ವಲ್ಪ ಗೌರವಸ್ಥ ಆಯ್ಕೆ. ಇಂಡೆಕ್ಸ್ 121/118, ಮುಂದೆ ಟೈರಿಗೆ 50 ಕಿಲೋ ಲಾಭ. ಫೋರ್ಡ್ ಎಫ್-350 ಡ್ಯುಯಲಿಗೆ ಕಂಪನಿಯೇ ಕೊಡುವ ಅಳತೆ ಇದು. ತೊಡಕು ರಿಮ್ಮಿನದು. ಈ ಟೈರಿಗೆ ಕನಿಷ್ಠ ಆರೂವರೆ ಇಂಚು ಅಗಲದ ರಿಮ್ ಬೇಕು, ರ‍್ಯಾಮ್ ರಿಮ್ಮಿನ ಅಗಲ ಆರೇ ಇಂಚು. ಕಿರಿದಾದ ರಿಮ್ಮಿನಲ್ಲಿ ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಒತ್ತಿಕೊಂಡು ಪಕ್ಕದ ಗೋಡೆ ಉಬ್ಬುತ್ತೆ, ಟ್ರೆಡ್‌ನ ನಡುಭಾಗ ಬೇಗ ಸವೆಯುತ್ತೆ. ನಿಯಮ ಪಾಲಿಸುವ ಅಂಗಡಿಯವರು ಹಾಕಿಕೊಡಲ್ಲ, ಅದು ಅವರ ತಪ್ಪಲ್ಲ.

ಇನ್ನು ಜೋಡಿಯ ನಡುವಿನ ಸಂದು. ಟೈರ್ 20 ಮಿಲಿಮೀಟರ್ ಅಗಲವಾದರೆ ಸಂದು ಹತ್ತು ಕಡಿಮೆಯಾಗುತ್ತೆ ಅಂತ ಲೆಕ್ಕ ಹಾಕುವವರಿದ್ದಾರೆ. ಹಾಗಲ್ಲ, ಎರಡೂ ಟೈರ್ ತಲಾ ಹತ್ತು ಒಳಗೆ ಸರಿಯುತ್ತವೆ, ಪೂರ್ತಿ 20 ಹೋಯಿತು. ಅಳೆಯುವುದು ಸುಲಭ: ಒಳಟೈರಿನ ಹೊರ ಅಂಚಿನಿಂದ ಹೊರಟೈರಿನ ಹೊರ ಅಂಚಿಗೆ ಎಷ್ಟಿದೆಯೋ ಅದೇ ನಡುವಿಂದ ನಡುವಿನ ಅಂತರ. ಅದು ಟೈರ್ ಕಂಪನಿಯ ಪಟ್ಟಿಯಲ್ಲಿ ಕೊಟ್ಟಿರುವ ಕನಿಷ್ಠ ಜೋಡಿ ಅಂತರಕ್ಕಿಂತ ಕಡಿಮೆ ಇರಕೂಡದು. ಆಮೇಲೂ ಅನುಮಾನ ಉಳಿದರೆ ಎರಡೂ ಟೈರಿನ ಒಳಮುಖಕ್ಕೆ ಸೀಮೆಸುಣ್ಣ ದಪ್ಪಗೆ ಬಳಿದು, ಟ್ರೇಲರ್ ತುಂಬಿ, ಐದಾರು ಕಿಲೋಮೀಟರ್ ತಿರುವುಗಳಿರುವ ರಸ್ತೆಯಲ್ಲಿ ಓಡಿಸಿ ಬನ್ನಿ. ಸುಣ್ಣ ಒರೆಸಿಹೋಗಿದ್ದರೆ ಟೈರ್ ಒಂದಕ್ಕೊಂದು ಉಜ್ಜಿವೆ ಅಂತಲೇ ಅರ್ಥ. ಖಾಲಿ ಗಾಡಿಯಲ್ಲಿ ಬೆರಳು ತೂರಿಸಿ ನೋಡುವುದರಿಂದ ಏನೂ ಗೊತ್ತಾಗಲ್ಲ, ಟೈರ್ ಉಬ್ಬುವುದು ಭಾರ ಬಿದ್ದಾಗ, ಅದೂ ನೆಲಕ್ಕೆ ತಾಗುವ ಕಡೆ. ಉಜ್ಜಿದರೆ ಬಿಸಿ, ಬಿಸಿಯಿಂದ ಗೋಡೆಯ ದಾರ ಸಡಿಲ. ಸಂದಿಗೆ ಕಲ್ಲು ಸಿಕ್ಕರೆ ಏನಾಗುತ್ತೆ ಅಂತ ಊರಿನ ಟಾಟಾ 407 ಡ್ರೈವರನ್ನು ಕೇಳಿ, ಲಿವರ್ ಹಿಡಿದು ಹಿಂದಕ್ಕೆ ಹೋಗಿ ಕಲ್ಲು ಬಡಿದು ತೆಗೆಯುವುದು ಅವನಿಗೆ ದಿನದ ಕೆಲಸ.

ಜೋಡಿಯ ಎರಡೂ ಟೈರ್ ಒಂದೇ ಎತ್ತರ ಇರಲೇಬೇಕು, ವ್ಯಾಸದ ವ್ಯತ್ಯಾಸ ಕಾಲು ಇಂಚು ದಾಟುವಂತಿಲ್ಲ. ಎರಡೂ ಒಂದೇ ಹಬ್‌ಗೆ ಬಿಗಿದಿರುವುದರಿಂದ ಸಮ ಸುತ್ತು ಸುತ್ತಲೇಬೇಕು. 6 ಮಿಲಿಮೀಟರ್ ವ್ಯತ್ಯಾಸಕ್ಕೆ ಕಿಲೋಮೀಟರಿಗೆ ಸುಮಾರು ಏಳೆಂಟು ಮೀಟರ್ ಲೆಕ್ಕ ತಪ್ಪುತ್ತೆ, ಅಷ್ಟನ್ನೂ ರಬ್ಬರ್ ಉಜ್ಜಿ ತೀರಿಸಬೇಕು. ಹೆಚ್ಚಿನ ಭಾರ ದೊಡ್ಡ ಟೈರಿನ ಪಾಲು. ಒಂದು ಹಳೇದರ ಪಕ್ಕ ಒಂದು ಹೊಸದು ಹಾಕಿ ದುಡ್ಡು ಉಳಿಸಿದೆ ಅನ್ನುವವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಗಾಳಿ ಕಡಿಮೆಯಾದರೂ ಇದೇ ಕಥೆ, ಆದ್ದರಿಂದ ಒಳಟೈರಿಗೆ ಲೋಹದ ವಾಲ್ವ್ ಕೊಳವೆ ಹಾಕಿಸಿ. ಹೊರಚಕ್ರ ಕೂರಿಸುವಾಗ ಎರಡೂ ವಾಲ್ವ್ ಎದುರುಬದುರಾಗಿ, ಕೈ ತೂರುವ ಕಿಂಡಿಯಲ್ಲಿ ಕಾಣುವಂತಿರಲಿ.

19.5 ಇಂಚಿಗೆ ಹೋಗುವ ಆಸೆಯವರಿಗೆ 225/70 ಆರ್19.5, ಲೋಡ್ ರೇಂಜ್ ಜಿ. ಎತ್ತರ 810 ಮಿಲಿಮೀಟರ್, ಮೂಲದ 808ಕ್ಕೆ ತೀರಾ ಹತ್ತಿರ, ಸ್ಪೀಡೋಮೀಟರ್ ಕೆಡಲ್ಲ. ಇಂಡೆಕ್ಸ್ 128/126ರದ್ದು ಒಂಟಿಯಾಗಿ 1800 ಕಿಲೋ ಹೊರುತ್ತೆ. ವಾರವಿಡೀ ಗೂಸ್‌ನೆಕ್ ಟ್ರೇಲರ್ (ಪಿಕಪ್‌ನ ಹಿಂಭಾಗದ ತೊಟ್ಟಿಯೊಳಗೆ ಕೊಂಡಿ ಹಾಕುವ ಭಾರೀ ಟ್ರೇಲರ್) ಎಳೆಯುವವರಿಗೆ ಲಾಯಕ್ಕು. ಖಾಲಿ ಓಡಿಸುವವರಿಗೆ ಬೆನ್ನುನೋವು, ಜೊತೆಗೆ ಆರು ಹೊಸ ರಿಮ್‌ನ ಖರ್ಚು. ರಿಮ್ ಕೊಳ್ಳುವಾಗ ವರ್ಷ ನೋಡಿಕೊಳ್ಳಿ, 2019ರಿಂದ ಬೋಲ್ಟ್ ವೃತ್ತ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 200 ಮಿಲಿಮೀಟರ್, ಅದಕ್ಕೂ ಮುಂಚಿನದು ಆರೂವರೆ ಇಂಚು. ಟೈರ್ ಎಷ್ಟೇ ಗಟ್ಟಿಯಾದರೂ ಬಾಗಿಲ ಸ್ಟಿಕರಿನ ಭಾರಮಿತಿ ಒಂದು ಕಿಲೋ ಏರಲ್ಲ.

ಮೂಲ ಅಳತೆಯಲ್ಲೇ ಆಯ್ಕೆ ಸಾಕಷ್ಟಿದೆ. ಹೆದ್ದಾರಿಗೆ ಫೈರ್‌ಸ್ಟೋನ್ ಟ್ರಾನ್ಸ್‌ಫೋರ್ಸ್ ಎಚ್‌ಟಿ2, ಹಿಮ ಬೀಳುವ ಕಡೆ ಮಿಶೆಲಿನ್ ಅಜಿಲಿಸ್ ಕ್ರಾಸ್‌ಕ್ಲೈಮೇಟ್, ಹೊಲ-ಕೆಸರಿಗೆ ಬಿಎಫ್‌ಗುಡ್‌ರಿಚ್ ಕೆಓ2. ಹಾಕಿಸಿದ ಮೇಲೆ ನೂರು ಮೈಲಿಯೊಳಗೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಸಿ. ಸ್ಟೆಪ್ನಿಯೂ ಇದೇ ಅಳತೆಯದ್ದಿರಲಿ, ಪಂಕ್ಚರ್ ಆಗುವುದು ಒಳಟೈರೋ ಮುಂದಿನದೋ ಮೊದಲೇ ಹೇಳಲಾಗದು.