ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದೀವಿ ಅಂತ ನೆಮ್ಮದಿಯಾಗಿರೋರು ಒಂದ್ಸಲ ಓದಿ

ಡಿಶ್ ಬಾಕ್ಸ್‌ಗೆ ಹಾರ್ಡ್ ಡಿಸ್ಕೋ ಪೆನ್ ಡ್ರೈವೋ ಚುಚ್ಚಿ ಟಿವಿ ಪ್ರೋಗ್ರಾಂ ರೆಕಾರ್ಡ್ ಮಾಡಿಟ್ಕೊಂಡಿರೋರು ಯಾರಾದ್ರೂ ಇದ್ರೆ, ಅದ್ರಲ್ಲಿ ಬೇಕೇ ಬೇಕು ಅನ್ನೋದು ಏನಾದ್ರೂ ಇದ್ರೆ, ಇವತ್ ಸಂಜೆನೇ ಟಿವಿ ಎದ್ರು ನಿಂತು ಮೊಬೈಲಲ್ಲಿ ಶೂಟ್ ಮಾಡ್ಕೊಳ್ಳಿ. ತಮಾಷೆ ಮಾಡ್ತಿಲ್ಲ. ನಾವು ಮಾಡ್ಲಿಲ್ಲ, ಈಗ ಅನುಭವಿಸ್ತಿದೀವಿ.

ನಮ್ದು ಮೂಡಿಗೆರೆ ಕಡೆ. ನಮ್ಮಜ್ಜಿ ಸೋಬಾನೆ ಪದ ಹೇಳೋರು, ಸುತ್ತ ಏಳೆಂಟು ಊರಲ್ಲಿ ಮದ್ವೆ ಅಂದ್ರೆ ಚಪ್ಪರದ ದಿನವೇ ಬಂದು ಕರ್ಕೊಂಡ್ ಹೋಗೋರು. ಒಂದ್ಸಲ ಟಿವಿಯೋರು ಊರಿಗೇ ಬಂದು ಅಜ್ಜಿ ಮತ್ತೆ ಅವ್ರ ಜೊತೆಯೋರು ಹೇಳಿದ್ ಪದ ಎಲ್ಲಾ ಶೂಟ್ ಮಾಡ್ಕೊಂಡ್ ಹೋಗಿ ಒಂದ್ ಭಾನ್ವಾರ ಹಾಕಿದ್ರು. ಅಜ್ಜಿ ಟಿವಿ ಮುಂದೆ ಕೂತು ತನ್ನನ್ನೇ ನೋಡ್ಕೊಂಡು "ಸೆರಗು ಹಿಂಗೈತೆ ಅಂತ ಒಬ್ರಾದ್ರೂ ಹೇಳ್ಬಾರ್ದಾ" ಅಂತ ನಮ್ಗೆಲ್ಲಾ ಬೈದಿದ್ದು ಈಗ್ಲೂ ಕಿವೀಲಿದೆ. ಭಾವ ರೆಕಾರ್ಡ್ ಬಟನ್ ಒತ್ತಿದ್ರು. 23 ನಿಮಿಷ, 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಭದ್ರ ಅಂದ್ಕೊಂಡ್ವಿ. ಅಜ್ಜಿ ತೀರ್ಕೊಂಡ್ಮೇಲೆ ವರ್ಷಾವರ್ಷ ತಿಥಿ ದಿನ ಹಾಕ್ಕೊಂಡ್ ನೋಡ್ತಿದ್ವಿ. ಒಂದ್ ವರ್ಷ ಪ್ಯಾಕ್ ಮುಗ್ದಿತ್ತು, ನಮ್ಮನೆ ಹಾರ್ಡ್ ಡಿಸ್ಕಲ್ಲಿರೋ ನಮ್ಮಜ್ಜಿನ ನೋಡೋಕೆ ಮೊದ್ಲು ರೀಚಾರ್ಜ್ ಮಾಡಿ ಅಂತ ಪರದೆ ಮೇಲೆ ಬಂತು. ಆವಾಗ್ಲೇ ಅನುಮಾನ ಬರ್ಬೇಕಿತ್ತು. ಬರ್ಲಿಲ್ಲ, ದುಡ್ಡು ಕಟ್ಟಿ ನೋಡಿದ್ವಿ.

ಈ ಏಪ್ರಿಲ್‌ನಲ್ಲಿ ಸಿಡ್ಲು ಹೊಡೀತು. ನಮ್ ಕಡೆ ಗುಡುಗು ಶುರುವಾಗ್ತಿದ್ದಂಗೆ ಪ್ಲಗ್ ಕಿತ್ತು ಡಿಶ್ ವೈರೂ ಬಿಚ್ಚಿಡೋದು ಎಲ್ರಿಗೂ ರೂಢಿ, ಆದ್ರೆ ಅವತ್ತು ಮನೆಯೋರೆಲ್ಲಾ ಮದ್ವೆಗೆ ಹೋಗಿದ್ವಿ. ಬಂದ್ ನೋಡಿದ್ರೆ ಬಾಕ್ಸ್ ಹತ್ರ ಸುಟ್ಟ ವಾಸ್ನೆ, ಲೈಟೇ ಇಲ್ಲ. ಟಿವಿಗೂ ಹಾರ್ಡ್ ಡಿಸ್ಕ್‌ಗೂ ಏನೂ ಆಗಿಲ್ಲ, ಅಬ್ಬಾ ಬಚಾವ್ ಅಂದ್ಕೊಂಡ್ವಿ. ಮೂರ್ ದಿನ ಬಿಟ್ಟು ಹೊಸ ಬಾಕ್ಸ್ ಬಂತು, ಹಾರ್ಡ್ ಡಿಸ್ಕ್ ಹಾಕಿದ್ರೆ "ಫಾರ್ಮ್ಯಾಟ್ ಮಾಡ್ಬೇಕು, ಮುಂದುವರೀಲಾ" ಅಂತ ಕೇಳ್ತು. ಫಿಟ್ ಮಾಡೋಕೆ ಬಂದಿದ್ ಹುಡುಗ "ಓಕೆ ಒತ್ತಿ ಸರ್, ಸರಿಹೋಗುತ್ತೆ" ಅಂದ. ಭಾವನ ಬೆರಳು ರಿಮೋಟ್ ಮೇಲೇ ಇತ್ತು, ನಾನು ಕೂಗ್ಕೊಂಡು ಕಿತ್ಕೊಂಡೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಆ ಹುಡ್ಗಿ ಪಾಪ ಮರ್ಯಾದೆಯಿಂದಾನೇ ಹೇಳಿದ್ಲು, ರೆಕಾರ್ಡಿಂಗ್ ಯಾವ್ ಬಾಕ್ಸ್‌ನಲ್ಲಿ ಮಾಡಿರ್ತೀರೋ ಅದ್ರಲ್ಲಿ ಮಾತ್ರ ಓಡೋದು ಸರ್ ಅಂತ.

ಬಿಡ್ಲಿಲ್ಲ ನಾನು, ಚಿಕ್ಕಮಗ್ಳೂರಿಗೆ ತಗೊಂಡ್ ಹೋದೆ, ಐಜಿ ರೋಡ್ ಕಡೆ ಒಂದ್ ಕಂಪ್ಯೂಟರ್ ಅಂಗ್ಡಿಗೆ. ವಿಂಡೋಸಲ್ಲಿ ಹಾಕಿದ್ರೆ ಅದೂ ಫಾರ್ಮ್ಯಾಟ್ ಮಾಡ್ಲಾ ಅಂತು, ಲಿನಕ್ಸಲ್ಲಿ ಹಾಕಿದ್ರೆ ಫೈಲ್ ಕಾಣಿಸ್ತು, ಅಜ್ಜಿ ಪ್ರೋಗ್ರಾಂ ಬಂದ ತಾರೀಕೂ ಇತ್ತು, ಸೈಜೂ ಸರಿಯಾಗೇ ಇತ್ತು. ಪ್ಲೇ ಮಾಡಿದ್ರೆ ಏನೂ ಇಲ್ಲ. ಆ ಅಂಗ್ಡಿಯೋನು ಬಿಡಿಸಿ ಹೇಳ್ದ: ಬಾಕ್ಸು ರೆಕಾರ್ಡ್ ಮಾಡುವಾಗ್ಲೇ ಎನ್‌ಕ್ರಿಪ್ಟ್ ಮಾಡಿ, ಅಂದ್ರೆ ಕೀ ಇಲ್ದೆ ಓದೋಕಾಗ್ದಂಗೆ ಬರಿಯುತ್ತೆ, ಅದ್ರ ಕೀ ಡಿಸ್ಕಲ್ಲಿ ಇರಲ್ಲ, ಆ ಬಾಕ್ಸ್‌ನ ಚಿಪ್ಪಲ್ಲಿರುತ್ತೆ, ಬೇರೆ ಬಾಕ್ಸ್ ಅದೇ ಕಂಪ್ನಿದು ಅದೇ ಮಾಡೆಲ್ ಆದ್ರೂ ಕೀ ಬೇರೆ. "ಬೀರು ಇದೆ, ಒಡವೆನೂ ಒಳಗೇ ಇದೆ, ಕೀ ಸಿಡ್ಲಿಗೆ ಹೋಗಿದೆ ಅಣ್ಣಾ" ಅಂದ. ದುಡ್ಡೂ ತಗೊಳ್ಲಿಲ್ಲ.

ಅವತ್ತಿಂದ ಇದ್ರ ಬಗ್ಗೆ ಓದಿದ್ದೇ ಓದಿದ್ದು. ಮನೇಲಿ ಟಿವಿ ರೆಕಾರ್ಡ್ ಮಾಡ್ಕೊಂಡು ಆಮೇಲ್ ನೋಡೋದು ತಪ್ಪಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ, 5-4 ತೀರ್ಪು, ಗೆದ್ದಿದ್ದು ವಿಸಿಆರ್ ಮಾಡ್ತಿದ್ದ ಸೋನಿ. ಮಜಾ ಏನಂದ್ರೆ 2005ರಲ್ಲಿ ಸೋನಿ ಪಾಲಿದ್ದ ಹಾಡಿನ ಕಂಪ್ನಿ ಸೋನಿ ಬಿಎಂಜಿ, ತನ್ನ ಸಿಡಿಗಳು ಕಾಪಿ ಆಗ್ಬಾರ್ದು ಅಂತ ಜನರ ಕಂಪ್ಯೂಟರಲ್ಲಿ ಕದ್ದುಮುಚ್ಚಿ ಸಾಫ್ಟ್‌ವೇರ್ ಹಾಕಿ ಸಿಕ್ಕಾಕ್ಕೊಂಡ್ತು, ಆ ಸಿಡಿಗಳನ್ನ ವಾಪಸ್ ತರಿಸ್ಬೇಕಾಯ್ತು. ರೆಕಾರ್ಡ್ ಮಾಡೋ ಮಿಷನ್ ಮಾರುವಾಗ ಒಂದ್ ಮಾತು, ಹಾಡು ಮಾರುವಾಗ ಇನ್ನೊಂದು. ನಮ್ಮಲ್ಲೂ 2012ರಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಅಂತ ಒಂದ್ ಸೆಕ್ಷನ್ ಸೇರಿಸಿದಾರೆ, ಹಕ್ಕು ಕದಿಯೋ ಉದ್ದೇಶದಿಂದ ಇಂಥ ಬೀಗ ಒಡೆದ್ರೆ 2 ವರ್ಷದ ತನಕ ಜೈಲು. ನಾನೇನ್ ಕದಿಯೋಕ್ ಹೋಗಿಲ್ಲ, ಆದ್ರೆ ಕೀನೇ ಇಲ್ದೋನಿಗೆ ಕಾನೂನಲ್ಲಿ ಜಾಗ ಇದ್ರೇನು ಬಿಟ್ರೇನು. ಹೊಸ ಪಿಚ್ಚರ್ ಕದ್ದು ಹಂಚೋರಿಗೆ ಯಾವ್ ಬೀಗನೂ ಅಡ್ಡ ಬಂದಂಗಿಲ್ಲ, ಸಿಕ್ಕಾಕ್ಕೊಂಡಿದ್ದು ಸೋಬಾನೆ ಪದ.

ಇದೇ ಅಜ್ಜಿ ಚಿಕ್ಕಮ್ಮನ ಮದ್ವೇಲಿ ಹೇಳಿದ್ ಪದ ಯಾರೋ ಟೇಪ್ ರೆಕಾರ್ಡರಲ್ಲಿ ಹಿಡ್ದಿದ್ ಕ್ಯಾಸೆಟ್ ಇದೆ, ಮಧ್ಯ ನಾಯಿ ಬೊಗಳುತ್ತೆ, ಯಾರೋ "ವೀಳ್ಯದೆಲೆ ಎಲ್ಲೇ" ಅಂತ ಕೂಗ್ತಾರೆ. ಆ ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷ ಆಯ್ತು, ಬೇರೆಯೋರ್ ಮನೆ ಸೆಟ್ಟಲ್ಲಿ ಹಾಕಿದ್ರೂ ಹಾಡ್ತು, ಈಗ ಎಂಪಿ3 ಮಾಡಿ ಎಲ್ರ ಫೋನಲ್ಲೂ ಇದೆ.

ಚಾನೆಲ್‌ಗೆ ಎರಡ್ಸಲ ಬರೆದೆ, ಉತ್ತರ ಇಲ್ಲ. ಆಮೇಲೆ ಹಾಸನದ ಅತ್ತೆ ಫೋನ್ ಮಾಡಿ, ನಾನೂ ಹಿಡ್ದಿದ್ದೆ ಕಣೋ ಅದನ್ನ, ಆದ್ರೆ ನಾಳೆ ಎಕ್ಸ್‌ಚೇಂಜ್ ಆಫರಲ್ಲಿ ಬಾಕ್ಸ್ ಕೊಡ್ತಿದೀವಿ ಅಂದ್ರು. ಕೊಡ್ಬೇಡಿ ಅತ್ತೆ ಅಂತ ಹೇಳಿ ಆ ರಾತ್ರಿನೇ ಹೊರಟೆ. ಕಿಟಕಿ ಪರದೆ ಎಳ್ದು, ಫ್ಯಾನ್ ಆಫ್ ಮಾಡಿ, ಮೊಬೈಲನ್ನ ಸ್ಟೂಲ್ ಮೇಲೆ ಅಕ್ಕಿ ಡಬ್ಬಕ್ಕೆ ಒರಗಿಸಿ ಅಡ್ಡಕ್ಕಿಟ್ಟು ಶೂಟ್ ಮಾಡಿದ್ದು, ನೀವೂ ಹಂಗೇ ಮಾಡಿ, ಕೈಯಲ್ಲಿ ಹಿಡ್ಕೊಂಡ್ರೆ ಅಲ್ಲಾಡುತ್ತೆ. ಅತ್ತೆ ಆವತ್ತು ಬಟನ್ ಒತ್ತಿದ್ದೇ ತಡವಾಗಿ, 23 ನಿಮಿಷದಲ್ಲಿ ಕೊನೇ 9 ನಿಮಿಷ ಸಿಕ್ತು. ಪದ ಅರ್ಧದಿಂದ ಶುರುವಾಗುತ್ತೆ. ಸೆರಗು ಮಾತ್ರ ಅಜ್ಜಿ ಹೇಳಿದಂಗೇ, ಹೆಗಲಿಂದ ಜಾರಿದೆ.