‘ಸರ್ವಿಸ್ ಆಗಿದೆ’ ಎಂಬ ಮಾತನ್ನು ನಂಬಿ ಹಳೆಯ ಗೇಮ್ ಕನ್ಸೋಲ್ ಕೊಳ್ಳುವ ಮುನ್ನ

ಹಳೆಯ ವಿಡಿಯೊ ಗೇಮ್ ಸಾಮಾನುಗಳ ಮಾರಾಟದಲ್ಲಿ ‘ಪೂರ್ತಿ ಸರ್ವಿಸ್ ಆಗಿದೆ, ಹೊಸ ಬ್ಯಾಟರಿ ಹಾಕಿದೆ’ ಎಂಬ ಸಾಲು ಮತ್ತೆ ಮತ್ತೆ ಕಾಣಿಸುತ್ತದೆ. ಆ ಸಾಲನ್ನು ನಂಬಿ ನಾನು ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಎಂಬ ಒಂದು ಜಪಾನಿ ಕನ್ಸೋಲ್, ಅದರದೇ ಎಂದು ಹೇಳಿ ಕೊಟ್ಟ ಅಡಾಪ್ಟರ್ ಮತ್ತು ಆಟಗಳಿರುವ ಐದು ಕಾರ್ಟ್ರಿಡ್ಜ್‌ಗಳನ್ನು ಒಟ್ಟಿಗೆ ಕೊಂಡೆ. ಎರಡು ತಿಂಗಳು ತುಂಬುವುದರೊಳಗೆ ಇಪ್ಪತ್ಮೂರು ಗಂಟೆಗಳ ಆಟವನ್ನೂ ಒಂದು ಕನ್ಸೋಲನ್ನೂ ಕಳೆದುಕೊಂಡೆ. ಮಾರಿದವರ ಹೆಸರು ಇಲ್ಲಿ ಬೇಡ. ಅವರು ಮಾಡಿದ್ದ ‘ಸರ್ವಿಸ್’ ಎಂಥದ್ದೆಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದೇ ಬಗೆಯ ಕೆಲಸ ಮಾಡಿ ಮಾರುವವರು ಅವರೊಬ್ಬರೇ ಅಲ್ಲ.

ಸೂಪರ್ ಫ್ಯಾಮಿಕಾಮ್‌ನವಾದ ನಾಲ್ಕು ಕಾರ್ಟ್ರಿಡ್ಜ್‌ಗಳನ್ನು ಮೊದಲು ನನ್ನ ಬಳಿ ಆಗಲೇ ಇದ್ದ ಇನ್ನೊಂದು ಸೂಪರ್ ಫ್ಯಾಮಿಕಾಮ್‌ನಲ್ಲಿ ಹಾಕಿ ನೋಡಿದೆ. ಅವುಗಳಲ್ಲಿ ನಾನು ಬಹಳ ದಿನದಿಂದ ಹುಡುಕುತ್ತಿದ್ದ 1995ರ ಒಂದು ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ಇತ್ತು. ವಾರಾಂತ್ಯಗಳಲ್ಲಿ ಕುಳಿತು ಇಪ್ಪತ್ಮೂರು ಗಂಟೆ ಆಡಿದೆ, ಆಟ ಎಲ್ಲಿಗೆ ನಿಂತಿತೆಂದು ದಾಖಲಿಸುವ ಸೇವ್ ಪ್ರತಿ ಸಲವೂ ಸರಿಯಾಗಿಯೇ ಉಳಿಯಿತು. ಒಂದು ದಿನ ಕಪಾಟನ್ನು ಒರೆಸಲೆಂದು ಕಾರ್ಟ್ರಿಡ್ಜನ್ನು ತೆಗೆದು ಪಕ್ಕಕ್ಕಿಟ್ಟು, ಸಂಜೆ ಮತ್ತೆ ಕನ್ಸೋಲಿಗೆ ಹಾಕಿದಾಗ ಮೂರೂ ಸೇವ್ ಜಾಗಗಳು ಖಾಲಿಯಾಗಿದ್ದವು.

ಆ ಕಾಲದ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ ಇರುವುದು ಎಸ್‌ರ‍್ಯಾಮ್ ಎಂಬ ಸಣ್ಣ ಮೆಮೊರಿ ಚಿಪ್‌ನಲ್ಲಿ. ಕನ್ಸೋಲ್ ಚಾಲೂ ಇರುವಾಗ ಆ ಚಿಪ್‌ಗೆ ಕನ್ಸೋಲಿನಿಂದಲೇ ವಿದ್ಯುತ್ ಸಿಗುತ್ತದೆ, ಆರಿಸಿದ ಮೇಲೆ ಒಳಗಿರುವ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಅದನ್ನು ಎಚ್ಚರವಾಗಿಡುತ್ತದೆ. ಸೂಪರ್ ಫ್ಯಾಮಿಕಾಮ್ ಕಾರ್ಟ್ರಿಡ್ಜ್‌ಗಳಲ್ಲಿ ಇದು ಸಾಮಾನ್ಯವಾಗಿ ಸಿಆರ್2032. ಎಳೆಯುವ ವಿದ್ಯುತ್ ಅತ್ಯಲ್ಪವಾದ್ದರಿಂದ ಒಂದೇ ಬ್ಯಾಟರಿ ಇಪ್ಪತ್ತು ವರ್ಷಕ್ಕೂ ಮೀರಿ ಬಾಳಿದ್ದುಂಟು. ಆದರೆ ಸಂಪರ್ಕ ಒಂದು ಗಳಿಗೆ ತಪ್ಪಿದರೂ ಸಾಕು, ಚಿಪ್ ಎಲ್ಲವನ್ನೂ ಮರೆತುಬಿಡುತ್ತದೆ.

ಇಂಥ ಕವಚಗಳ ವಿಶೇಷ ಸ್ಕ್ರೂ ಬಿಚ್ಚುವ 3.8 ಮಿಲಿಮೀಟರಿನ ಗೇಮ್‌ಬಿಟ್ ಸ್ಕ್ರೂಡ್ರೈವರ್‌ನಿಂದ ಕವಚ ಬಿಚ್ಚಿ ನೋಡಿದೆ. ಬ್ಯಾಟರಿ ನಿಜಕ್ಕೂ ಹೊಸದಾಗಿತ್ತು, ಆ ಮಟ್ಟಿಗೆ ಮಾರಿದವರು ಸುಳ್ಳು ಹೇಳಿರಲಿಲ್ಲ. ಆದರೆ ಹಳೆಯ ಬ್ಯಾಟರಿಯ ಲೋಹದ ಪಟ್ಟಿಗಳನ್ನು ಮೇಲಕ್ಕೆ ಬಗ್ಗಿಸಿ, ಹೊಸದನ್ನು ಅವುಗಳ ನಡುವೆ ಸಿಕ್ಕಿಸಿ, ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನ ಅಂಟು ಕರಗಿ ಬ್ಯಾಟರಿಯ ಅಂಚಿನಲ್ಲಿ ಜೇನಿನಂತೆ ಒಸರಿತ್ತು. ಬೆರಳಿನಿಂದ ಮುಟ್ಟಿದರೆ ಬ್ಯಾಟರಿ ಅಲುಗಾಡುತ್ತಿತ್ತು. ಕಪಾಟು ಒರೆಸುವಾಗ ಆದದ್ದೂ ಇಷ್ಟೇ. ಸರಿಯಾದ ರೀತಿಯೆಂದರೆ ಪಟ್ಟಿಗಳನ್ನು ಕಾರ್ಖಾನೆಯಲ್ಲೇ ಜೋಡಿಸಿಕೊಟ್ಟಿರುವ ಬ್ಯಾಟರಿಯನ್ನು ತಂದು, ಆ ಪಟ್ಟಿಗಳನ್ನು ಬೋರ್ಡಿಗೆ ಬೆಸುಗೆ ಹಾಕುವುದು. ಬರಿಯ ಬ್ಯಾಟರಿಯ ಮೈಗೇ ನೇರವಾಗಿ ಬೆಸುಗೆ ಹಾಕಲು ಹೋಗುವವರೂ ಇದ್ದಾರೆ. ಲಿಥಿಯಂ ಬ್ಯಾಟರಿ ಆ ಕಾವಿಗೆ ಸಿಡಿಯಬಹುದಾದ್ದರಿಂದ ಅದು ಟೇಪಿಗಿಂತಲೂ ಕೆಟ್ಟ ದಾರಿ.

ಎರಡನೆಯ ಕಾರ್ಟ್ರಿಡ್ಜ್‌ನಲ್ಲಿ ಹಿಂದಿನ ಒಡೆಯರ ಸೇವ್ ಹಾಗೆಯೇ ಇತ್ತು. ಯಾರೋ ಜಪಾನಿ ಅಕ್ಷರಗಳಲ್ಲಿ ತಮ್ಮ ನಾಯಕನಿಗೆ ಹೆಸರಿಟ್ಟು, ಕೊನೆಯ ಕೋಟೆಯ ಬಾಗಿಲವರೆಗೆ ಬಂದು ನಿಲ್ಲಿಸಿದ್ದರು. ಅದನ್ನು ನೋಡಿ ಖುಷಿಪಟ್ಟೆನೇ ಹೊರತು ಅನುಮಾನಪಡಲಿಲ್ಲ. ಬ್ಯಾಟರಿ ತೆಗೆದರೆ ಸೇವ್ ಅಳಿಸಿಹೋಗುತ್ತದೆ ಎಂದಮೇಲೆ, ಹಳೆಯ ಸೇವ್ ಉಳಿದಿರುವ ಕಾರ್ಟ್ರಿಡ್ಜ್‌ಗೆ ‘ಹೊಸ ಬ್ಯಾಟರಿ’ ಬಂದದ್ದಾದರೂ ಹೇಗೆ? ಮಾರುವವರು ಸೇವನ್ನು ಮೊದಲೇ ನಕಲು ಮಾಡಿಟ್ಟುಕೊಂಡು ಮರಳಿ ಹಾಕುವಂಥ ಏನಾದರೂ ಉಪಾಯದಿಂದ ಉಳಿಸಿರಬೇಕು, ಇಲ್ಲವೇ ಬ್ಯಾಟರಿಯನ್ನು ಮುಟ್ಟಿಯೇ ಇರಬಾರದು. ಟೇಪ್ ಸುತ್ತಿದವರು ಮೊದಲನೆಯ ಶ್ರಮ ಪಟ್ಟಿರಲಾರರು. ಮಲ್ಟಿಮೀಟರ್ ಹಿಡಿದು ನೋಡಿದರೆ ಬ್ಯಾಟರಿ 2.6 ವೋಲ್ಟ್ ತೋರಿಸಿತು. ಈ ಸಲ ಆತುರಪಡದೆ, ಕಾರ್ಟ್ರಿಡ್ಜ್ ಓದುವ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ ಸೇವನ್ನು ಕಡತವಾಗಿ ಇಳಿಸಿಕೊಂಡು, ಬ್ಯಾಟರಿ ಬದಲಿಸಿ, ಕಡತವನ್ನು ಮರಳಿ ಬರೆದೆ. ಗುರುತಿಲ್ಲದ ಆ ಆಟಗಾರನ ಕೋಟೆಯ ಬಾಗಿಲು ಈಗಲೂ ಹಾಗೆಯೇ ಇದೆ.

ಇನ್ನೆರಡು ಕಾರ್ಟ್ರಿಡ್ಜ್‌ಗಳಲ್ಲಿ ಕನ್ಸೋಲಿಗೆ ತಾಗುವ ಲೋಹದ ಸಂಪರ್ಕಪಟ್ಟಿಗಳನ್ನು ಉಪ್ಪುಕಾಗದದಿಂದ ಉಜ್ಜಿದ್ದರು. ಫೋಟೊದಲ್ಲಿ ಅವು ಥಳಥಳ ಹೊಳೆಯುತ್ತಿದ್ದವು, ಕೈಯಲ್ಲಿ ಹಿಡಿದು ಓರೆಯಾಗಿ ಬೆಳಕಿಗೊಡ್ಡಿದಾಗ ಮಾತ್ರ ಒಂದೇ ದಿಕ್ಕಿನ ಸಣ್ಣ ಗೀರುಗಳು ಕಂಡವು, ಕೆಲವು ಪಟ್ಟಿಗಳ ತುದಿಯಲ್ಲಿ ಚಿನ್ನದ ಲೇಪ ಹೋಗಿ ತಾಮ್ರದ ಕೆಂಪು ಇಣುಕುತ್ತಿತ್ತು. ಆ ತೆಳು ಲೇಪ ಇರುವುದೇ ಕೆಳಗಿನ ಲೋಹ ಕಿಲುಬು ಹಿಡಿಯದಿರಲೆಂದು. ಅದು ಹೋದ ಮೇಲೆ ಇಂದಿನ ಹೊಳಪು ಕೆಲವು ತಿಂಗಳಲ್ಲಿ ಮಂಕಾಗಿ, ಮತ್ತೆ ಉಜ್ಜಬೇಕಾಗಿ, ಕೊನೆಗೆ ಉಜ್ಜಲು ಪಟ್ಟಿಯೇ ಉಳಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿ ಈ ಕೆಲಸಕ್ಕೆ ಸಾಕು. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಬದಲಿಸುತ್ತ ಒರೆಸಿ, ಆರಿದ ಮೇಲೆ ಹಾಕಬೇಕು. ಚಿಕ್ಕಂದಿನಲ್ಲಿ ನಾವೆಲ್ಲ ಮಾಡುತ್ತಿದ್ದಂತೆ ಬಾಯಿಂದ ಊದಿದರೆ ಉಸಿರಿನ ತೇವ ಪಟ್ಟಿಗೆ ತಗಲುತ್ತದೆ. ಊದಿದ ಮೇಲೆ ಆಟ ಚಾಲೂ ಆಗುತ್ತಿದ್ದುದು ಹೆಚ್ಚಿನ ಸಲ ತೆಗೆದು ಮತ್ತೆ ಸಿಕ್ಕಿಸಿದ್ದರಿಂದಲೇ.

ಐದನೆಯದು ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಕನ್ಸೋಲಿನ ಪೋಕೆಮಾನ್ ಎಮರಾಲ್ಡ್ ಆಟ. ಅದರಲ್ಲಿ ಸೇವ್ ಉಳಿಯುತ್ತಿರಲಿಲ್ಲ, ಕೇಳಿದಾಗ ‘ಇದೊಂದರ ಬ್ಯಾಟರಿ ಹೋಗಿದೆ, ಬದಲಿಸಿಕೊಳ್ಳಿ’ ಎಂಬ ಉತ್ತರ ಬಂತು. ಅಸಲಿ ಎಮರಾಲ್ಡ್ ಸೇವ್ ಮಾಡುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಅದರೊಳಗಿನ ಬ್ಯಾಟರಿ ಗಡಿಯಾರಕ್ಕೆ ಮಾತ್ರ. ಅದು ಖಾಲಿಯಾದರೆ ಆಟ ಆರಂಭದಲ್ಲೇ ತಿಳಿಸುತ್ತದೆ, ಸಮಯವನ್ನು ಅವಲಂಬಿಸಿದ ಘಟನೆಗಳು ನಿಲ್ಲುತ್ತವೆ, ಸೇವ್ ಮಾತ್ರ ಉಳಿಯುತ್ತದೆ. ಹಾಗಾಗಿ ಬ್ಯಾಟರಿ ಹೋದದ್ದರಿಂದ ಎಮರಾಲ್ಡ್ ಸೇವ್ ಆಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅದು ನಕಲಿಯಿರಬಹುದೆಂದು ಅನುಮಾನಪಡಬೇಕು. ಅದೇ ಪೋಕೆಮಾನ್ ಸರಣಿಯ ಗೋಲ್ಡ್ ಮತ್ತು ಸಿಲ್ವರ್ ಆಟಗಳ ವಿಷಯ ಬೇರೆ. ಅವುಗಳಲ್ಲಿ ಗಡಿಯಾರವೂ ಸೇವೂ ಒಂದೇ ಬ್ಯಾಟರಿಯನ್ನು ನಂಬಿವೆ. ನನ್ನ ಎಮರಾಲ್ಡನ್ನು ಬಿಚ್ಚಿದಾಗ ಅಸಲಿ ಚಿಪ್‌ಗಳಿರಬೇಕಾದ ಜಾಗದಲ್ಲಿ ಡಾಂಬರು ಸುರಿದಂಥ ಕಪ್ಪು ಗುಡ್ಡೆ ಇತ್ತು.

ಇಷ್ಟರವರೆಗಿನ ತಪ್ಪು ಮಾರಿದವರದು. ಮುಂದಿನದರಲ್ಲಿ ನನ್ನ ಪಾಲೂ ಇದೆ.

ಕೊಂಡ ಕನ್ಸೋಲನ್ನು ಕೊನೆಯಲ್ಲಿ ಕೈಗೆತ್ತಿಕೊಂಡೆ. ಅದರ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬೆಳಕಿಗಿಟ್ಟು ಹಳದಿ ಹೋಗುವಂತೆ ಮಾಡಿದ್ದರು, ಹೊಸದರಂತೆ ಕಾಣುತ್ತಿತ್ತು, ಹೊರಗಿನ ಆ ಅಂದ ನನ್ನನ್ನು ಮೈಮರೆಸಿತೆಂದರೂ ಸರಿಯೇ. ಜೊತೆಗೆ ಕೊಟ್ಟ ಅಡಾಪ್ಟರಿನ ಪಿನ್ ಕನ್ಸೋಲಿನ ರಂಧ್ರದಲ್ಲಿ ಸಲೀಸಾಗಿ ಕುಳಿತಿತು. ಸ್ವಿಚ್ ಒತ್ತಿದೆ. ಕೆಂಪು ದೀಪ ಒಮ್ಮೆ ಮಿನುಗಿ ಆರಿತು, ಹಿಂದೆಯೇ ಸುಟ್ಟ ವಾಸನೆ ಬಂತು. ಅಡಾಪ್ಟರನ್ನು ಕಿತ್ತು ತಿರುಗಿಸಿ ನೋಡಿದಾಗ ಅದು ಎನ್‌ಇಎಸ್ ಎಂಬ ಬೇರೆ ಕನ್ಸೋಲಿನದೆಂದು ಗೊತ್ತಾಯಿತು. ಅದರ ಚೀಟಿಯಲ್ಲಿ ಹೊರಬರುವ ವಿದ್ಯುತ್ ‘ಎಸಿ 9 ವೋಲ್ಟ್’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ನಿಂಟೆಂಡೊ ಎಂಬ ಒಂದೇ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಆಗಿಯೂ 1985ರಿಂದ ಅಮೆರಿಕದಲ್ಲಿ ಎನ್‌ಇಎಸ್ ಆಗಿಯೂ ಬಿಡುಗಡೆ ಮಾಡಿದ ಯಂತ್ರಗಳು ಆಟದ ಮಟ್ಟಿಗೆ ಅಣ್ಣತಮ್ಮಂದಿರು, ವಿದ್ಯುತ್ತಿನ ಮಟ್ಟಿಗೆ ಅಲ್ಲ. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿಯಾಗಿಸುವ, ಅಂದರೆ ದಿಕ್ಕು ಬದಲಿಸುವ ವಿದ್ಯುತ್ತನ್ನು ಒಂದೇ ದಿಕ್ಕಿನದಾಗಿಸುವ ರೆಕ್ಟಿಫೈಯರ್ ಇದೆ, ಆದ್ದರಿಂದ ಅದರ ಅಡಾಪ್ಟರ್ ಎಸಿಯನ್ನೇ ಕೊಡುತ್ತದೆ. ಫ್ಯಾಮಿಕಾಮ್ ಮತ್ತು 1990ರ ಸೂಪರ್ ಫ್ಯಾಮಿಕಾಮ್ ಎರಡಕ್ಕೂ ಬೇಕಾದದ್ದು 10 ವೋಲ್ಟ್ ಡಿಸಿ, ಅದೂ ಪಿನ್ನಿನ ನಡುಭಾಗ ಋಣವಾಗಿರುವಂಥದ್ದು. ಡಿಸಿಯನ್ನೇ ನಂಬಿ ಕೂತ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ ಹರಿದರೆ ಅದು ತಾಳುವುದಿಲ್ಲ. ಆದರೂ ಪಿನ್ ಮಾತ್ರ ಎಲ್ಲದಕ್ಕೂ ಹೊಂದುತ್ತದೆ, ಸೆಗಾದ ಮೊದಲ ಮಾದರಿಯ ಮೆಗಾಡ್ರೈವ್‌ಗೂ ಸಹ.

4.5 ಮಿಲಿಮೀಟರಿನ ಸ್ಕ್ರೂ ಬಿಚ್ಚಿ ನೋಡಿದಾಗ ಫ್ಯೂಸ್ ಹೋಗಿತ್ತು, ದೊಡ್ಡ ಕೆಪಾಸಿಟರಿನ ತಲೆ ಉಬ್ಬಿತ್ತು. ಅವೆರಡನ್ನೂ ವೋಲ್ಟೇಜನ್ನು ಹದದಲ್ಲಿಡುವ 7805 ರೆಗ್ಯುಲೇಟರನ್ನೂ ಬದಲಿಸಿದೆ. ದೀಪ ಹತ್ತಿತು, ಪರದೆ ಕಪ್ಪಾಗಿಯೇ ಉಳಿಯಿತು. ಪ್ರೊಸೆಸರ್ ಮತ್ತು ಚಿತ್ರ ಮೂಡಿಸುವ ಚಿಪ್‌ಗಳು ಆ ಕನ್ಸೋಲಿಗೆಂದೇ ತಯಾರಾದವು. ಹೊಸದು ಸಿಗುವುದಿಲ್ಲ, ಮತ್ತೊಂದು ಕನ್ಸೋಲಿನಿಂದ ಕೀಳಬೇಕು. ಒಂದನ್ನು ಬದುಕಿಸಲು ಇನ್ನೊಂದನ್ನು ಕೊಲ್ಲಲು ನನಗೆ ಮನಸ್ಸಾಗಲಿಲ್ಲ.

ಮಾರಿದವರಿಗೆ ಬರೆದಾಗ ‘ಕಳಿಸುವಾಗ ಸರಿಯಾಗಿತ್ತು, ಪಿನ್ ಹೊಂದುತ್ತದೆಯಲ್ಲ’ ಎಂದರು. ಪೆಟ್ಟಿಗೆ ಬಿಚ್ಚುವಾಗ ನಾನು ವಿಡಿಯೊ ತೆಗೆದಿರಲಿಲ್ಲ, ಅಡಾಪ್ಟರಿನ ಚೀಟಿಯ ಫೋಟೊವನ್ನು ಕೊಳ್ಳುವ ಮೊದಲು ಕೇಳಿರಲಿಲ್ಲ, ಹಾಗಾಗಿ ವಾದಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ‘ಸರ್ವಿಸ್ ಆಗಿದೆ’ ಎಂದವರನ್ನು ನಾನೀಗ ಕೇಳುವುದು ಮೂರೇ ಫೋಟೊ: ಕವಚ ಬಿಚ್ಚಿದ ಬೋರ್ಡಿನದು, ಓರೆ ಬೆಳಕಿನಲ್ಲಿ ಸಂಪರ್ಕಪಟ್ಟಿಯದು, ಓದಲು ಬರುವಷ್ಟು ಹತ್ತಿರದಿಂದ ಅಡಾಪ್ಟರ್ ಚೀಟಿಯದು. ನಿಜವಾಗಿ ಕೆಲಸ ಮಾಡಿದವರು ಇದನ್ನು ಸಂತೋಷದಿಂದ ಕಳಿಸುತ್ತಾರೆ, ಬೆಸುಗೆಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳುತ್ತಾರೆ. ಕವಚ ಬಿಚ್ಚಿದರೆ ಬೆಲೆ ಹೋಗುತ್ತದೆ ಎಂದು ನೆಪ ಹೇಳಿದ ಒಬ್ಬರನ್ನು, ಹಾಗಾದರೆ ಕವಚ ಬಿಚ್ಚದೆಯೇ ಬ್ಯಾಟರಿ ಬದಲಿಸಿದಿರಾ ಎಂದು ಕೇಳಿದೆ, ಅವರು ಮರುತ್ತರ ಕೊಡಲಿಲ್ಲ.

ಆ ಎನ್‌ಇಎಸ್ ಅಡಾಪ್ಟರನ್ನು ಬಿಸಾಡಿಲ್ಲ, ಅದರದೇನೂ ತಪ್ಪಿಲ್ಲ. ತಂತಿಗೆ ಒಂದು ರಟ್ಟಿನ ಚೀಟಿ ಕಟ್ಟಿ, ಕೆಂಪು ಶಾಯಿಯಲ್ಲಿ ‘ಎಸಿ, ಎನ್‌ಇಎಸ್‌ಗೆ ಮಾತ್ರ’ ಎಂದು ಬರೆದು, ಬೇರೆ ಅಡಾಪ್ಟರುಗಳಿಂದ ದೂರದ ಡಬ್ಬದಲ್ಲಿ ಇಟ್ಟಿದ್ದೇನೆ.